ಹಾಲುಮಡ್ಡಿ ಹೊಗೆ ಕುಡಿದ ಕಾಫಿ

ಕಳೆದ ವರ್ಷ ಚಿಕ್ಕಮಗಳೂರಿನಲ್ಲಿ, ಹೊಸದಾಗಿ ವ್ಯಾಪಾರಕ್ಕೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರಿಗಾಗಿ ಒಂದು ಶಿಬಿರ ನಡೆಯಿತು. ಮೂಡಿಗೆರೆಯಲ್ಲಿ ಬಹಳ ಕಾಲ ಕಾಫಿಪುಡಿ ಅಂಗಡಿ ನಡೆಸಿ, ಈಗ ಅದನ್ನು ತಮ್ಮನ ಮಗಳ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತಿರುವ ನನ್ನನ್ನೂ ಮಾತಾಡಲು ಕರೆದಿದ್ದರು. ವೇದಿಕೆ ಹತ್ತುವ ಮೊದಲು ಒಬ್ಬಳು ಕಾಗದದ ಲೋಟದಲ್ಲಿ ಕಾಫಿ ತಂದುಕೊಟ್ಟಳು. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡವಳು ಹಾಗೇ ನಿಂತುಬಿಟ್ಟೆ. ಗುಂಡಿ ಒತ್ತಿದರೆ ಸುರಿಯುವ ಮೆಷಿನ್ ಕಾಫಿ. ಸಕ್ಕರೆ ಇತ್ತು, ಹಾಲಿನ ಪುಡಿ ಇತ್ತು, ಬಿಸಿನೀರು ಧಾರಾಳವಾಗಿ ಇತ್ತು. ಕಾಫಿಯನ್ನು ಮಾತ್ರ ಹುಡುಕಬೇಕಿತ್ತು. ಕಿಟಕಿಯ ಆಚೆ ಕಣ್ಣು ಹಾಯಿಸಿದಷ್ಟೂ ಕಾಫಿ ಬೆಳೆಯುವ ಗುಡ್ಡ. ಒಳಗೆ ಕೂತವರಲ್ಲಿ ಅರ್ಧ ಜನ ತೋಟದ ಮನೆಗಳ ಮಕ್ಕಳು. ಎಲ್ಲರ ಕೈಯಲ್ಲೂ ಅದೇ ಲೋಟ, ಯಾರ ಮುಖದಲ್ಲೂ ಚೂರೂ ಬೇಜಾರಿಲ್ಲ. ನನಗೆ ಅರ್ಧ ಭಾಷಣ ಅಲ್ಲೇ ಮರೆತುಹೋಯಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಶುರುವಾದವು. "ಮೇಡಂ, ನಿಮ್ಮ ಇನ್‌ಸ್ಪಿರೇಷನ್ ಯಾರು?" ಎಂದು ಒಬ್ಬ ಕೇಳಿದ. "ಒಂದು ಲೋಟ ಕೆಟ್ಟ ಕಾಫಿ" ಅಂದೆ. ತಮಾಷೆ ಅಂದುಕೊಂಡು ಚಪ್ಪಾಳೆ ತಟ್ಟಿದರು. "ನಿಮ್ಮ ಬಿಸಿನೆಸ್ ಸ್ಟ್ರಾಟಜಿ ಏನಿತ್ತು?" ಅಂದಳು ಇನ್ನೊಬ್ಬಳು. "ಗಾಬರಿ ಬೀಳೋದು, ಎದ್ದು ಮತ್ತೆ ಅಂಗಡಿ ಬಾಗಿಲು ತೆಗೆಯೋದು" ಅಂದೆ. ಅದಕ್ಕೂ ನಕ್ಕರು. ನಾನು ಹೇಳಿದ್ದು ಎರಡೂ ನಿಜ. ಬಿಡಿಸಿ ಹೇಳೋಣ ಅಂದರೆ ಅಷ್ಟರಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿಬಿಟ್ಟರು. ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಮೂಡಿಗೆರೆ ಕಡೆಯ ಜಾವಳಿ. ಅಪ್ಪ ಬೇಗ ತೀರಿಕೊಂಡರು. ನಮ್ಮನ್ನು ಸಾಕಿದ್ದು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ ಮಂಜೇಗೌಡರು. ಅವರದ್ದು ಸಣ್ಣ ತೋಟ, ಕೆಳಗೆ ಒಂದಿಷ್ಟು ಗದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಸೇರಿದೆ. ತೋಟಗಳಿಂದ ಬಂದ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ, ಕಾಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಮೂಟೆ ಕಟ್ಟಿ ಕಳಿಸುವ ಕಾರ್ಖಾನೆ ಅದು. ನಾವು ಹೆಂಗಸರು ಸಾಲಾಗಿ ಕೂತು ಕೆಟ್ಟ ಕಾಳು ಆರಿಸುತ್ತಿದ್ದೆವು. ಕಪ್ಪು ತಿರುಗಿದ್ದು, ಒಡೆದದ್ದು, ಹುಳ ಕೊರೆದದ್ದು ಒಂದು ಕಡೆಗೆ. ದುಂಡಗಿನ ಹಸಿರು ಕಾಳು ಇನ್ನೊಂದು ಕಡೆಗೆ. ಒಳ್ಳೆಯದು ಹಡಗು ಹತ್ತುತ್ತಿತ್ತು. ಆರಿಸಿ ಎಸೆದದ್ದು ಊರೊಳಗಿನ ಪುಡಿ ಮಾಡುವವರ ಪಾಲಾಗುತ್ತಿತ್ತು. ಇದು ನನಗೆ ದಿನವೂ ಕಣ್ಣಿಗೆ ಕಾಣುತ್ತಿದ್ದರೂ ಅದರ ಅರ್ಥ ಮಾತ್ರ ಬಹಳ ವರ್ಷ ತಲೆಗೆ ಹೋಗಿರಲಿಲ್ಲ.

ಅಲ್ಲಿ ರುಚಿ ನೋಡುವ ಕೋಣೆ ಒಂದಿತ್ತು. ಅದರ ಯಜಮಾನರು ಡಿಸೋಜ ಸರ್, ಮಂಗಳೂರು ಕಡೆಯವರು. ಗಟ್ಟಿ ಧ್ವನಿ, ತೆಳು ಮೈ, ಮುಖ ಸದಾ ಯಾರ ಮೇಲೋ ಸಿಟ್ಟು ಬಂದವರ ಹಾಗೆ. ಸಹಾಯಕ್ಕೆ ಒಬ್ಬರು ಬೇಕೆಂದು ನನ್ನನ್ನು ಕರೆಸಿಕೊಂಡರು. ಮೊದಲ ದಿನ ಅಲ್ವ ಎಂದು ತಲೆ ತುಂಬ ಮಲ್ಲಿಗೆ ಮುಡಿದು ಹೋಗಿದ್ದೆ. ಹೊಸ್ತಿಲು ದಾಟುವ ಮೊದಲೇ ಕೂಗಿದರು.

"ನಿಲ್ಲಿ ಅಲ್ಲೇ! ಆ ಹೂವು ತೆಗೆದು ಹೊರಗಿಟ್ಟು ಬನ್ನಿ. ಇಲ್ಲಾಂದ್ರೆ ಹೂವಿನ ಜೊತೆ ನೀವೂ ಹೊರಗೇ ಇರಿ."

ನನಗೆ ಕಣ್ಣಲ್ಲಿ ನೀರೇ ಬಂತು. ಹೂವು ತೆಗೆಯಿರಿ ಎಂದು ಹೊಸದಾಗಿ ಮದುವೆಯಾದ ಮುತ್ತೈದೆಗೆ ಹೇಳುವುದೆಂದರೇನು? ನಾನು ಅಳುಮುಖ ಮಾಡಿದ್ದು ನೋಡಿ ಅವರೇ ಸ್ವಲ್ಪ ಮೆತ್ತಗಾದರು.

"ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೆ. ಈ ಕಾಫಿ ಕಾಳು ಉಂಟಲ್ಲ, ಇದಕ್ಕೆ ಭಾರಿ ಸಹವಾಸದೋಷ. ಪಕ್ಕದಲ್ಲಿ ಯಾರು ಕೂತ್ರೂ ಅವರ ವಾಸನೆ ಎಳ್ಕೊಳ್ತದೆ. ಸೀಮೆಎಣ್ಣೆ ಪಕ್ಕ ಇಟ್ರೆ ಸೀಮೆಎಣ್ಣೆ, ಮೆಣಸಿನ ಪಕ್ಕ ಇಟ್ರೆ ಮೆಣಸು."

ಆಮೇಲೆ ಚಮಚದಲ್ಲಿ ಕಾಫಿ ತೆಗೆದುಕೊಂಡು ಸೊರ್ ಎಂದು ಎಳೆದರು. ಇಡೀ ಕೋಣೆಗೆ ಕೇಳುವ ಸದ್ದು. ನಮ್ಮ ದೊಡ್ಡಮ್ಮ ಇದ್ದಿದ್ದರೆ ಬೆನ್ನ ಮೇಲೆ ಒಂದು ಬಿಡುತ್ತಿದ್ದರು. "ಹೀಗೆ ಎಳೀಬೇಕು, ಗಾಳಿ ಸಮೇತ. ಮರ್ಯಾದೆಯಿಂದ ಕುಡಿದ್ರೆ ಇಲ್ಲಿ ಕೆಲಸಕ್ಕಾಗೋದಿಲ್ಲ" ಅಂದರು. ಆ ಕೋಣೆಯಲ್ಲಿ ವರ್ಷಾನುಗಟ್ಟಲೆ ಸೊರ್ ಎಂದು ಎಳೆದು ಉಗುಳುತ್ತ ನನ್ನ ನಾಲಿಗೆ ಪಳಗಿತು. ಬಡ್ತಿ, ಸಂಬಳದ ಕಥೆ ಬಿಡಿ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಈ ಪಳಗಿದ ನಾಲಿಗೆ ಹೊತ್ತುಕೊಂಡು ಒಂದು ಸಲ ತವರಿಗೆ ಹೋದೆ. ಕಾಫಿ ಕುಯ್ಲಿನ ಸಮಯ. ದೊಡ್ಡಪ್ಪ ಕಣದಲ್ಲಿದ್ದರು. ಅವರು ಕಾಫಿ ಮಾಡುವುದನ್ನು ನೋಡಬೇಕಿತ್ತು ನೀವು. ಗಿಡದಿಂದ ಕೆಂಪು ಹಣ್ಣು ಮಾತ್ರ ಕುಯ್ಯಬೇಕು. ಬುಟ್ಟಿಯಲ್ಲಿ ಒಂದು ಹಸಿಕಾಯಿ ಕಂಡರೂ ಆಳುಗಳಿಗೆ ಬೈಗುಳ. ಅವತ್ತಿನ ಹಣ್ಣು ಅವತ್ತೇ ಪಲ್ಪರ್‌ಗೆ ಹಾಕಿ ತಿರುಳು ತೆಗೆಯಬೇಕು. ತೊಳೆದ ಕಾಳನ್ನು ಕಣದಲ್ಲಿ ಹರಡಿ ಮಗುವಿನ ಮೈ ತಿಕ್ಕಿದ ಹಾಗೆ ಕೈಯಾಡಿಸುತ್ತ ಒಣಗಿಸುವರು. ಬಿಸಿಲು ಜೋರಾದರೆ ಮುಚ್ಚುವರು, ತಣ್ಣಗಾದರೆ ಹರಡುವರು. ಹಾಗೆ ತೆಳು ಸಿಪ್ಪೆಯೊಂದಿಗೆ ಒಣಗಿದ ಕಾಳಿಗೆ ನಮ್ಮಲ್ಲಿ ಪಾರ್ಚ್‌ಮೆಂಟ್ ಅನ್ನುತ್ತಾರೆ. ದೊಡ್ಡಪ್ಪನ ಪಾರ್ಚ್‌ಮೆಂಟ್ ಬಿಸಿಲಿಗೆ ಹಿಡಿದರೆ ಅಕ್ಕಿಯಷ್ಟು ಬೆಳ್ಳಗೆ ಹೊಳೆಯುತ್ತಿತ್ತು.

ದೊಡ್ಡಮ್ಮ ಒಂದು ಲೋಟ ಬೆಲ್ಲದ ಕಾಫಿ ತಂದಿಟ್ಟರು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕುಡಿದ ಕಾಫಿಯೇ. ಅವತ್ತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮಣ್ಣು, ಮುಗ್ಗಲು, ಸುಟ್ಟ ಹೊಟ್ಟು! ಕಾರ್ಖಾನೆಯಲ್ಲಿ ನಾವು ಆರಿಸಿ ಎಸೆಯುತ್ತಿದ್ದ ಕಾಳೆಲ್ಲ ನನ್ನ ಲೋಟದಲ್ಲಿ ಬಂದು ಕೂತಿತ್ತು.

"ದೊಡ್ಡಪ್ಪ, ಇದು ಎಂಥ ಕಾಫಿ?"

"ಎಂಥದೆಂದ್ರೆ? ನಮ್ದೇ ಕಣೇ. ನೆಲಕ್ಕೆ ಬಿದ್ದಿದ್ದು, ನೀರಲ್ಲಿ ತೇಲಿದ್ದು, ಜೊಳ್ಳು, ಎಲ್ಲ ಸೇರಿಸಿ ಹುರಿದಿದ್ದು."

"ಮತ್ತೆ ಆ ಕಣದಲ್ಲಿ ಇರೋದು?"

ದೊಡ್ಡಪ್ಪ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಒಳ್ಳೇದು ಮಾರಕ್ಕೆ ಕಣೇ. ಮಿಕ್ಕಿದ್ದು ಮನೆಗೆ. ಇಷ್ಟು ವರ್ಷ ಕಾಫಿ ಕಾರ್ಖಾನೇಲಿ ಇದ್ದು ಅದೂ ಗೊತ್ತಿಲ್ವೇನೆ?"

"ನೀವು ಒಂದು ದಿನನೂ ಅದನ್ನ ಕುಡಿದು ನೋಡಿಲ್ವಾ?"

"ಹುಚ್ಚಾ ನಿಂಗೆ!"

ಅವರು ನಿಜಕ್ಕೂ ಕುಡಿದಿರಲಿಲ್ಲ. ಅವರಪ್ಪನೂ ಕುಡಿದಿರಲಿಲ್ಲ. ಮನೆಯ ಹಸುವಿನ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ನೀರು ಕೊಟ್ಟರೆ ಊರು ಬೈಯುತ್ತದೆ, ಇದಕ್ಕೆ ಮಾತ್ರ ಯಾರೂ ಏನೂ ಅನ್ನುವುದಿಲ್ಲವಲ್ಲ ಅನ್ನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ನಿಶ್ಚಯ ಮಾಡಿದೆ. ಒಳ್ಳೆಯ ಕಾಳಿನ ಪುಡಿಯನ್ನು ಇಲ್ಲೇ ಮಾರಬೇಕು, ಇಲ್ಲಿಯವರೇ ಕುಡಿಯಬೇಕು. ಶಿಬಿರದ ಮಕ್ಕಳು ಕೇಳಿದ ಇನ್‌ಸ್ಪಿರೇಷನ್ ಅಂದರೆ ಇಷ್ಟೇ. ಅದರಲ್ಲಿ ಕನಸು ಗಿನಸು ಏನೂ ಇರಲಿಲ್ಲ, ಬರೀ ಆಘಾತ.

ನಮ್ಮ ಯಜಮಾನರು ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಕೆಲಸ ಬಿಡುತ್ತೇನೆ ಅಂದಾಗ "ನಿಂಗೆ ಸರಿ ಅನ್ಸಿದ್ರೆ ಮಾಡು. ಆದ್ರೆ ಮೂಡಿಗೆರೇಲಿ ಕಾಫಿಪುಡಿ ಮಾರೋದು ಅಂದ್ರೆ ಸಮುದ್ರದ ದಂಡೇಲಿ ಉಪ್ಪು ಮಾರಿದ ಹಾಗೆ" ಅಂದರು. ಹೆಂಡತಿಯನ್ನು ಹೆದರಿಸದೆ ಹೆದರಿಸುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟೆ. ಹುರಿಯುವ ಒಂದು ಡ್ರಮ್ಮು, ಪುಡಿ ಮಾಡುವ ಒಂದು ಮೆಷಿನ್. ಹೊರಗೆ ಬೋರ್ಡು: 'ಶುದ್ಧ ಕಾಫಿ, ಚಿಕೋರಿ ಇಲ್ಲ.' ಜನ ಬಂದರು, ಕೊಂಡುಹೋದರು. ಆ ವಾರವೇ ವಾಪಸು ತಂದರು. ಮೊದಲು ಬಂದವರು ಹೋಟೆಲ್ ಲಲಿತಕ್ಕ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಅವರ ಹೋಟೆಲು, ಬಾಯಿ ಬಿಟ್ಟರೆ ಇಡೀ ಪೇಟೆಗೆ ಕೇಳುತ್ತದೆ.

"ಎಂಥ ಪುಡಿ ಕೊಟ್ಟೆ ಮಾರಾಯ್ತಿ! ಬಣ್ಣ ಇಲ್ಲ, ಗಟ್ಟಿ ಇಲ್ಲ. ಗಿರಾಕಿಗಳೆಲ್ಲ 'ಲಲಿತಕ್ಕ ಲೋಟ ತೊಳೆದ ನೀರು ಕೊಡ್ತಾಳೆ' ಅಂತಾರೆ. ನನ್ನ ಮಾನ ಹೋಯ್ತು."

ಕಾಫಿ ಬೆಳೆಯುವವರಿಗೆ, ಕಾಫಿ ಕುಯ್ಯುವವರಿಗೆ, ಕಾಫಿ ಸಾಗಿಸುವವರಿಗೆ ಕಾಫಿ ರುಚಿಸಲಿಲ್ಲ. ಚಿಕೋರಿ ಅಂದರೆ ಒಂದು ಗಿಡದ ಬೇರು. ಅದನ್ನು ಹುರಿದು ಬೆರೆಸಿದರೆ ಕಾಫಿ ಕಪ್ಪಗೆ ಮಂದಗೆ ಕಾಣುತ್ತದೆ. ಎಲ್ಲಿಂದಲೋ ಬರುವ ಆ ಬೇರಿನ ರುಚಿಗೇ ನಮ್ಮವರು ಕಾಫಿ ಎಂದು ಹೆಸರಿಟ್ಟುಕೊಂಡಿದ್ದರು.

ಅಂಗಡಿ ಉಳಿಸಿದ್ದು ಕುದುರೆಮುಖದ ಟೌನ್‌ಶಿಪ್ಪು. ಅದಿರಿನ ಗಣಿಗೆಂದು ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಮನೆಗಳು. ಅಲ್ಲಿಯ ಕೆಲವರಿಗೆ ಫಿಲ್ಟರಿನಲ್ಲಿ ಇಳಿಸಿದ ಶುದ್ಧ ಡಿಕಾಕ್ಷನ್ನೇ ಬೇಕು. ಒಬ್ಬರಿಗೆ ಸಿಕ್ಕಿದ್ದು ಬೀದಿಗೆಲ್ಲ ಹಬ್ಬಿತು. ಕಳಸದ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪುಡಿಯ ಗಂಟು ಕಳಿಸುತ್ತಿದ್ದೆ. ಮೂಡಿಗೆರೆಯ ಗಿರಾಕಿ ಇಲ್ಲದಿದ್ದರೂ ಡ್ರಮ್ಮು ತಿರುಗುತ್ತಿತ್ತು. ಹಾಗೇ ವರ್ಷಗಳು ನಡೆದವು. ಗಣಿ ನಿಲ್ಲುತ್ತದೆ ಎಂದು ಪೇಪರಿನಲ್ಲಿ ಬರುತ್ತಿತ್ತು, ಓದುತ್ತಿದ್ದೆ. ಅದು ಅದಿರಿನ ಸುದ್ದಿ, ನನಗೂ ಅದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಒಂದು ದಿನ ಕಂಡಕ್ಟರ್ ಗಂಟು ಬಿಚ್ಚದೆ ವಾಪಸು ತಂದ.

"ಅಕ್ಕಾ, ಆ ಮನೆಗೆ ಬೀಗ. ಪಕ್ಕದ ಮನೆಗೂ ಬೀಗ. ಇಡೀ ಸಾಲಿಗೇ ಬೀಗ."

ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಜಗಳ ಮಾಡಿಕೊಂಡು ಹೋಗಿರಲಿಲ್ಲ, ಒಂದು ಊರೇ ಎದ್ದು ಹೋಗಿತ್ತು. ಆಮೇಲೊಮ್ಮೆ ಹೊರನಾಡಿಗೆ ಹೋದಾಗ ಬೇಕೆಂದೇ ಅಲ್ಲಿಗೂ ಹೋಗಿ ನೋಡಿ ಬಂದೆ. ಮನೆಗಳ ಮೆಟ್ಟಿಲ ಮೇಲೆ ಹುಲ್ಲು ಬೆಳೆದಿತ್ತು. ಮಕ್ಕಳೇ, ನಿಮ್ಮ ಮಾಲು ಎಲ್ಲಿಗೆ ಹೋಗುತ್ತದೋ ಆ ಊರಿನ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನೂ ಸ್ವಲ್ಪ ವಿಚಾರಿಸಿಕೊಳ್ಳಿ.

ಮತ್ತೆ ಮೂಡಿಗೆರೆಯ ನಾಲಿಗೆಗೇ ಬರಬೇಕಾಯಿತು. ಈ ಸಲ ಹಟ ಮಾಡಲಿಲ್ಲ. ಎಲ್ಲರಂತೆ ನಾನೂ ಧಾರಾಳವಾಗಿ ಚಿಕೋರಿ ಬೆರೆಸಿದೆ. ಆದರೆ ಅಂಗಡಿ ಮುಂದೆ ಕರಿಹಲಗೆ ನೇತುಹಾಕಿ, ಈಗಿನ ಪುಡಿಯಲ್ಲಿ ಚಿಕೋರಿ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟೆ. ಆಗಾಗ ಒಂದು ಚಿಟಿಕೆ ಕಡಿಮೆ ಮಾಡುವುದು, ಹಲಗೆ ತಿದ್ದುವುದು. ಮೋಸ ಮಾಡಬಾರದಲ್ಲ! ಯಾರಾದರೂ ಜಗಳಕ್ಕೆ ಬಂದರೆ ತೋರಿಸೋಣ ಎಂದು ಕಾದೆ. ಒಬ್ಬರೂ ಬರಲಿಲ್ಲ. ಹಲಗೆಯನ್ನು ಒಬ್ಬರೂ ಓದುತ್ತಿರಲಿಲ್ಲ. ಇಳಿಸುತ್ತ ಇಳಿಸುತ್ತ ಕೆಲವು ವರ್ಷಗಳಲ್ಲಿ ಚಿಕೋರಿ ಪೂರ್ತಿ ಹೋಯಿತು. ಆಗ ಲಲಿತಕ್ಕ ಬಂದು ಹೇಳಿದ್ದು ಕೇಳಿ.

"ಈಗ ನೋಡು ನಿನ್ನ ಪುಡಿ ದಾರಿಗೆ ಬಂತು! ಮೊದ್ಲೆಲ್ಲ ನೀರು ನೀರು ಇತ್ತು. ಚಿಕೋರಿ ಜಾಸ್ತಿ ಹಾಕಿದ್ಯಾ?"

ನಾನು ಹಲಗೆಯ ಕಡೆ ಕೈ ತೋರಿಸಿದೆ. 'ಚಿಕೋರಿ ಇಲ್ಲ' ಎಂದಿತ್ತು. "ಅದೆಂಥ ಬೋರ್ಡು, ಯಾವಾಗ ಹಾಕಿದೆ?" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಅವರಿಗೆ ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟೆ.

ಪೇಟೆ ಗೆದ್ದೆ ಎನ್ನುವ ಧೈರ್ಯ ಬಂದದ್ದು ಆಗ. ಆದರೆ ಜಾವಳಿಯ ಮನೆಗಳಲ್ಲಿ ಕಾಫಿ ಮೊದಲಿನಂತೆಯೇ ಇತ್ತು. ದೊಡ್ಡಪ್ಪನಿಗೆ ನಾನು ಪುಡಿ ಕೊಟ್ಟು ಬಂದರೆ ಅದು ನೆಂಟರಿಗೆಂದು ಕಪಾಟು ಸೇರುತ್ತಿತ್ತು.

ಆ ಹೊತ್ತಿಗೆ ಡಿಸೋಜ ಸರ್ ಕಾರ್ಖಾನೆಯಿಂದ ನಿವೃತ್ತರಾಗಿ, ಕಾಫಿಯನ್ನು ಹೊರದೇಶಕ್ಕೆ ಕಳಿಸುವ ಒಂದು ಸಣ್ಣ ಕಂಪನಿಗೆ ರುಚಿ ನೋಡಿಕೊಡುತ್ತಿದ್ದರು. ಅಲ್ಲಿಯ ಕೊಳ್ಳುವವರಿಗೆ ದೊಡ್ಡ ಎಸ್ಟೇಟಿನ ಹೆಸರು ಬೇಡವಂತೆ, ಸಣ್ಣ ಬೆಳೆಗಾರರ ಕಾಫಿ ಅವರ ಊರಿನ ಹೆಸರಲ್ಲೇ ಬೇಕಂತೆ. ದೊಡ್ಡಪ್ಪನ ಪಾರ್ಚ್‌ಮೆಂಟನ್ನು ಒಂದು ಟಿಫಿನ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಸಿಪ್ಪೆ ಬಿಡಿಸಿ, ಹುರಿದು, ಕುದಿನೀರು ಸುರಿದು, ಸೊರ್ ಎಂದು ಎಳೆದರು. ಮತ್ತೊಂದು ಸಲ ಎಳೆದರು. ಉಗುಳಲಿಲ್ಲ, ನುಂಗಿದರು. ಅಷ್ಟು ವರ್ಷಗಳಲ್ಲಿ ಅವರು ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯಾರ ಮನೆಯದ್ದು ಸುಶೀಲಮ್ಮ ಇದು? ಇಷ್ಟು ವರ್ಷ ಎಲ್ಲಿತ್ತು?"

"ಎಲ್ಲರ ಕಾಫಿ ಜೊತೆ ಬೆರೆತು ಹಡಗು ಹತ್ತುತ್ತಿತ್ತು ಸರ್."

ಆದರೆ ಒಂದು ಮನೆಯ ಕಾಫಿ ಸಾಲದು. ಊರಿನ ಹತ್ತಾರು ಮನೆಯವರು ಇದೇ ಥರ ಮಾಡಿ ಒಟ್ಟಿಗೆ ಕೊಡಬೇಕು. ಮಾಮೂಲಿ ವ್ಯಾಪಾರಿಯನ್ನು ಆ ವರ್ಷ ಬಿಡಬೇಕು. ವ್ಯಾಪಾರಿಯನ್ನು ಬಿಡುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಮದುವೆಗೆ, ಆಸ್ಪತ್ರೆಗೆ ಎಂದು ಮುಂಗಡ ಕೊಡುವವನು ಅವನೇ. ನಾನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮನೆಮನೆಗೆ ಹೋಗಿ ಮಾತು ಕೊಟ್ಟವರು ದೊಡ್ಡಪ್ಪ. ಗೋಣಿಯ ಮೇಲೆ 'ಜಾವಳಿ' ಎಂದು ಅಚ್ಚು ಹಾಕುತ್ತಾರೆ ಎಂಬುದು ಅವರ ತಲೆಗೆ ಹತ್ತಿಬಿಟ್ಟಿತ್ತು. "ಬಸ್ಸಿನ ಬೋರ್ಡಲ್ಲೇ ನಮ್ಮೂರ ಹೆಸ್ರು ನೆಟ್ಟಗಿರಲ್ಲ ಕಣೇ. ಹಡಗಲ್ಲಿ ಹೋಗ್ತದಂತೆ!" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಈ ಕಾಫಿ ಒಪ್ಪಿಗೆಯಾದರೆ ಜಾವಳಿಗೆ ಹೆಸರು. ತಪ್ಪಿದರೆ ಊರಲ್ಲಿ ಮಾತು ಕಳೆದುಕೊಳ್ಳುವವರು ದೊಡ್ಡಪ್ಪ, ಅದೂ ಆ ವಯಸ್ಸಿನಲ್ಲಿ. ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಆ ವರ್ಷ ಜಾವಳಿಯವರು ಮಾಡಿದ ಕಾಫಿಯನ್ನು ನೆನೆದರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ. ಮನೆಮನೆಯ ಮೂಟೆ ದೊಡ್ಡಪ್ಪನ ಗೋಡೌನಿಗೆ ಬಂತು. ಆಗಲೇ ಮೂಟೆಗಳ ಮೇಲಿಂದ ತೆಗೆದ ಸ್ಯಾಂಪಲ್ ಡಿಸೋಜ ಸರ್‌ಗೆ ಹೋಯಿತು, ಕೊಳ್ಳುವವರು ಒಪ್ಪಿದರು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸೀಸನ್ನಿನ ನೂಕುನುಗ್ಗಲು. ನಮ್ಮ ಸರದಿ ಬರುವವರೆಗೆ ಕೆಲವು ವಾರ ಮೂಟೆಗಳು ಗೋಡೌನಿನಲ್ಲೇ ಇದ್ದವು. ಆಮೇಲೆ ಲಾರಿ ಬಂದು ಒಯ್ದಿತು. ನನಗೆ ಅಂಗಡಿ ಬಿಟ್ಟು ಹೋಗಲಾಗಿರಲಿಲ್ಲ.

ಡಿಸೋಜ ಸರ್ ಫೋನು ಬಂತು. "ಸುಶೀಲಮ್ಮ, ಈಗಲೇ ಹೊರಟು ಬನ್ನಿ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಮೇಜಿನ ಮೇಲೆ ಸಾಲಾಗಿ ಬಟ್ಟಲು. "ಎಳೀರಿ" ಅಂದರು. ಚಮಚ ಬಾಯಿಗಿಟ್ಟೆ. ಮೊದಲು ನಂಬಲಾಗಲಿಲ್ಲ. ಪಕ್ಕದ ಬಟ್ಟಲು ನೋಡಿದೆ, ಅದರ ಪಕ್ಕದ್ದು ನೋಡಿದೆ.

"ಎಂತ ಮಾರಾಯ್ರೆ ಇದು? ನನಗೆ ಇಗರ್ಜಿಯಲ್ಲಿ ಕೂತ ಹಾಗೆ ಆಗ್ತದೆ. ಧೂಪ! ಎಲ್ಲ ಮೂಟೆಯಲ್ಲೂ ಧೂಪ!"

ಅವರಿಗೆ ಅದು ಇಗರ್ಜಿ, ಅವರ ಚರ್ಚು. ನನಗೆ ಮಾತ್ರ ಅದು ಯಾವ ಮನೆಯ, ಯಾವ ಕೋಣೆಯ ವಾಸನೆ ಎಂದು ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಯಿತು. ನಮ್ಮ ಕಾಡಿನಲ್ಲಿ ಒಂದು ಮರವಿದೆ, ತೊಗಟೆ ಕೆತ್ತಿದರೆ ಅಂಟು ಇಳಿಯುತ್ತದೆ. ಅದೇ ಹಾಲುಮಡ್ಡಿ. ಕೆಂಡದ ಮೇಲೆ ಹಾಕಿದರೆ ಘಮ್ಮೆನ್ನುವ ಹೊಗೆ ಬರುತ್ತದೆ. ದೊಡ್ಡಪ್ಪನ ದೇವರ ಕೋಣೆಯ ಗೋಡೆಗೇ ಆ ವಾಸನೆ ಹಿಡಿದಿದೆ. ಬೆಳೆ ಮನೆಗೆ ಬಂದಾಗ ಮೂಟೆಗೆ ಪೂಜೆ ಮಾಡಿ ಒಂದು ಸಲ ಧೂಪ ತೋರಿಸುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಹಾಗೆ ತೋರಿಸಿದ ಮರುದಿನ ವ್ಯಾಪಾರಿ ಒಯ್ಯುತ್ತಿದ್ದ, ಏನೂ ಆಗುತ್ತಿರಲಿಲ್ಲ. ಈ ಸಲ ವಾರಗಟ್ಟಲೆ ಮೂಟೆಗಳು ಗೋಡೌನಿನಲ್ಲೇ ಇದ್ದವು. ಊರಿನ ಹೆಸರು ಹೊತ್ತು ಹಡಗು ಹತ್ತುವ ಮೂಟೆಗಳು! ದೊಡ್ಡಪ್ಪ ದಿನವೂ ಸಂಜೆ ಧೂಪ ಹಾಕಿದ್ದರು. ಹೊಗೆ ಹೊರಗೆ ಹೋಗಿ ದಂಡವಾಗಬಾರದೆಂದು ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ್ದರು. ಇದನ್ನೆಲ್ಲ ಆಮೇಲೆ ದೊಡ್ಡಮ್ಮ ಹೇಳಿದರು. ಪಾಪ, ಹೆಮ್ಮೆಯಿಂದಲೇ ಹೇಳಿದರು.

ಕೊಳ್ಳುವವರು ಬೇಡ ಅಂದರು. ಗಾಳಿಗೆ ಹರಡಿ ನೋಡಿದ್ದಾಯಿತು, ಹೋಗಲಿಲ್ಲ. ಡಿಸೋಜ ಸರ್ ತಲೆ ಮೇಲೆ ಕೈಹೊತ್ತು ಕೂತರು. "ಯಾರು ಮಾಡಿದ್ದು ಅಂತ ಹೇಳೋದು ಬೇಡ ಸುಶೀಲಮ್ಮ. ಹಡಗಿನಲ್ಲಿ ಜಾಗ ಸಿಕ್ಕಿಲ್ಲ ಅಂತ ಹೇಳಿಬಿಡಿ" ಅಂದರು.

ಸುಳ್ಳು ಹೇಳಬಹುದಿತ್ತು. ಹೇಳಿದರೆ ಬರುವ ವರ್ಷ ಇನ್ನೂ ಭಕ್ತಿಯಿಂದ ಇನ್ನೂ ಹೆಚ್ಚು ಧೂಪ ಹಾಕುತ್ತಾರೆ. ನಿಜ ಹೇಳಿದರೆ? ನಮ್ಮನ್ನು ಸಾಕಿದ ಮುದುಕನ ಎದುರು ನಿಂತು, ನಿಮ್ಮ ಪೂಜೆಯಿಂದ ಊರಿನ ಕಾಫಿ ಹಾಳಾಯಿತು ಎಂದು ಯಾವ ಬಾಯಲ್ಲಿ ಹೇಳಲಿ? ದೇವರ ಮೇಲೆ ತಪ್ಪು ಹೊರಿಸಿದ ಹಾಗೆ. ಮಾತಿನಲ್ಲಿ ಇದು ಆಗುವುದಿಲ್ಲ ಅನ್ನಿಸಿತು. ಡಿಸೋಜ ಸರ್ ಹತ್ತಿರ ಮೊದಲು ಒಪ್ಪಿಗೆಯಾದ ಸ್ಯಾಂಪಲ್ಲು ಉಳಿದಿತ್ತು. ಅದರದ್ದೊಂದು ಪುಡಿ, ಹೊಗೆ ಹಿಡಿದದ್ದರದ್ದೊಂದು ಪುಡಿ, ಎರಡು ಡಬ್ಬಿ ಹಿಡಿದು ಜಾವಳಿ ಬಸ್ಸು ಹತ್ತಿದೆ.

ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ದರು. "ಹಡಗು ಹತ್ತಿತೇನೆ?" ಅಂದರು. "ಮೊದಲು ಕಾಫಿ ಕುಡೀರಿ" ಎಂದು ಒಳಗೆ ಹೋಗಿ ನಾನೇ ಮಾಡಿದೆ. ಮೊದಲ ಲೋಟ ಕೊಟ್ಟೆ, ಹೊಗೆ ಇಲ್ಲದ್ದು. ಕುಡಿದರು. ಲೋಟ ಕೆಳಗಿಳಿಸಿ ನನ್ನ ಮುಖ ನೋಡಿದರು. ಮತ್ತೆ ಕುಡಿದರು.

"ಇದು ಎಲ್ಲಿ ಕಾಫಿ?"

"ನಿಮ್ಮದೇ ದೊಡ್ಡಪ್ಪ. ಕಣದ್ದು."

ಅವರ ಮುಖ ಬಿಳಿಚಿಕೊಂಡಿತು. ಆ ಮುಖವನ್ನು ನಾನು ಮರೆಯುವುದಿಲ್ಲ. ಮೂರ್ತಿ ಕೆತ್ತಿ ಕೆತ್ತಿ ಕಳಿಸಿದವನನ್ನು ಮುಪ್ಪಿನಲ್ಲಿ ಮೊದಲ ಸಲ ದೇವಸ್ಥಾನದೊಳಗೆ ಬಿಟ್ಟ ಹಾಗಿತ್ತು.

"ಸುಳ್ಳು ಹೇಳ್ಬೇಡ."

"ನಿಮ್ಮಾಣೆ."

"ಇದನ್ನ... ಇದನ್ನಾ ನಾವು ಇಷ್ಟು ವರ್ಷ ಲಾರಿಗೆ ಹಾಕ್ತಿದ್ದಿದ್ದು?" ಎಂದವರು ಒಳಗೆ ತಿರುಗಿ, "ಏ, ಬಾ ಇಲ್ಲಿ, ಇದನ್ನ ಕುಡಿ" ಎಂದು ದೊಡ್ಡಮ್ಮನನ್ನು ಕೂಗಿದರು. ದೊಡ್ಡಮ್ಮ ಅದೇ ಲೋಟದಲ್ಲಿ ಉಳಿದದ್ದನ್ನು ಕುಡಿದು ಸೆರಗಿನಲ್ಲಿ ಬಾಯೊರೆಸಿಕೊಂಡರು.

ಆಮೇಲೆ ಎರಡನೆಯ ಲೋಟ ಕೊಟ್ಟೆ. ಒಂದು ಗುಟುಕು ಕುಡಿದರು. ತಲೆ ತಾನಾಗಿ ದೇವರ ಕೋಣೆಯ ಕಡೆ ತಿರುಗಿತು.

"ನಂದೇ ಹೊಗೆ" ಅಂದರು.

"ಹೂಂ."

"ವಾಪಸ್ ಬಂತಾ?"

"ಬಂತು ದೊಡ್ಡಪ್ಪ. ಎಲ್ಲರದ್ದೂ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಎದ್ದು ಹೆಗಲಿಗೆ ಟವಲು ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನೂ ಬರುತ್ತೇನೆ ಅಂದರೆ ಬೇಡ ಅಂದರು. ಹೋದ ಸಲ ಮಾತು ಕೊಟ್ಟ ಅಷ್ಟೂ ಮನೆಗೆ ತಾವೇ ಹೋಗಿ, ನನ್ನ ಧೂಪದಿಂದ ಹೀಗಾಯಿತು ಎಂದು ಹೇಳಿ ಬಂದರು. ಯಾರು ಏನಂದರು ಎಂದು ನನಗೆ ಇವತ್ತಿನವರೆಗೂ ಹೇಳಿಲ್ಲ.

ಮೂಟೆಗಳು ಊರಿಗೆ ವಾಪಸು ಬಂದವು. ಕಪ್ಪಗೆ ಹುರಿದು ಚಿಕೋರಿ ಬೆರೆಸಿ ಮಾರುವವರಿಗೆ ಕೊಟ್ಟುಬಿಡೋಣ ಎಂದು ಕೆಲವರು, ಇರಲಿ ಎಂದು ಕೆಲವರು. ಸ್ವಲ್ಪ ನನ್ನ ಅಂಗಡಿಯಲ್ಲಿ ಹೋಯಿತು, ಧೂಪದ ವಾಸನೆ ಇದೆ ಎಂದು ಕರಿಹಲಗೆಯಲ್ಲಿ ಬರೆದೇ ಮಾರಿದೆ. ಉಳಿದದ್ದು ಮನೆಮನೆಗೆ ಹಂಚಿಹೋಯಿತು. ಮಾರಲಾಗದ ಕಾಫಿಯನ್ನು ಏನು ಮಾಡುವುದು? ಆ ವರ್ಷವೆಲ್ಲ ಜಾವಳಿಯವರು ಅದನ್ನೇ ಹುರಿದು ಕುಡಿದರು. ಹಬ್ಬಕ್ಕೆ ಹೋದಾಗ ಪ್ರತಿ ಮನೆಯ ಲೋಟದಲ್ಲೂ ಸಣ್ಣಗೆ ಹಾಲುಮಡ್ಡಿ ಘಮಘಮಿಸುತ್ತಿತ್ತು. ಅದರ ಅಡಿಯಲ್ಲಿ ಒಳ್ಳೆಯ ಕಾಫಿ ಇತ್ತು.

ಮರುವರ್ಷ ಇನ್ನು ಯಾರೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ ಅಂದುಕೊಂಡಿದ್ದೆ. ಡಿಸೋಜ ಸರ್ ಕೊಳ್ಳುವವರ ಕೈಕಾಲು ಹಿಡಿದು ಮತ್ತೊಂದು ಸಲ ಒಪ್ಪಿಸಿದರು. ದೊಡ್ಡಪ್ಪ ಮತ್ತೆ ಮನೆಮನೆಗೆ ಹೋದರು. ಜನ ಕೊಡುತ್ತೇವೆ ಅಂದರು! ನನಗೆ ನಂಬಿಕೆಯಾಗಲಿಲ್ಲ. ಈ ಸಲ ದೊಡ್ಡಪ್ಪ ಒಂದು ಖಾಲಿ ಗೋಣಿಯನ್ನು ಅಂಗಳದಾಚೆಯ ಹಲಸಿನ ಮರದ ಬುಡದಲ್ಲಿಟ್ಟು ಅದಕ್ಕೇ ಪೂಜೆ ಮಾಡಿ ಅಲ್ಲೇ ಧೂಪ ಹಾಕಿದರು. "ದೇವ್ರೇ ಸ್ವಲ್ಪ ಹೊರಗೆ ಬರ್ಲಿ ಬಿಡು" ಅಂದರು. ಆ ಊರಲ್ಲಿ ಈಗಲೂ ಹಾಗೇ ನಡೆಯುತ್ತದೆ.

ಲಾರಿ ತೆಗೆದುಕೊಂಡು ಹೋದೆ. ಗೋಡೌನಿನ ಬಾಗಿಲು ತೆಗೆದು ನೋಡಿದೆ. ಬೆಳೆ ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು, ಮೂಟೆಗಳು ಮಾತ್ರ ನಾನು ಎಣಿಸಿಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಕದ್ದರೇ? ವ್ಯಾಪಾರಿಗೆ ಕೊಟ್ಟರೇ?

"ದೊಡ್ಡಪ್ಪ, ಉಳಿದದ್ದೆಲ್ಲಿ? ನಾನು ಅವರಿಗೆ ಮಾತು ಕೊಟ್ಟಿದ್ದೀನಿ!"

"ಮನೇಲಿದೆ."

"ಯಾರ ಮನೇಲಿ?"

"ಎಲ್ಲಾರ ಮನೇಲೂ. ಯಾರೂ ಬಿಟ್ಟುಕೊಡಲ್ಲ ಅಂತಾರೆ, ಎಂಥ ಮಾಡದು? ಕುಡಿಯಕ್ಕೆ ಬೇಕಲ್ಲ ಮಾರಾಯ್ತಿ" ಅಂದರು. ಹಿಂದೊಮ್ಮೆ ನೋಡಿದ ಹಾಗೇ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. "ಒಳ್ಳೇದು ಮನೆಗೆ ಕಣೇ. ಮಿಕ್ಕಿದ್ದು ಮಾರಕ್ಕೆ."

ಹೊರಗೆ ಲಾರಿಯ ಡ್ರೈವರ್ ಹಾರ್ನ್ ಹಾಕುತ್ತಿದ್ದ. ಡಿಸೋಜ ಸರ್‌ಗೆ ಫೋನ್ ಮಾಡಬೇಕಿತ್ತು, ಕೊಳ್ಳುವವರಿಗೆ ಏನಾದರೂ ಸಮಜಾಯಿಷಿ ಹೇಳಬೇಕಿತ್ತು. ಸರಬರಾಜು ಹೀಗೆ ಕೈಕೊಟ್ಟಾಗ ಏನು ಮಾಡಬೇಕು ಎಂದು ಶಿಬಿರದ ಮಕ್ಕಳು ಕೇಳಿದ್ದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿರುತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟೆ. ಜಗಲಿಯಲ್ಲಿ ಕೂತೆ. ದೊಡ್ಡಮ್ಮ ಒಂದು ಲೋಟ ಕಾಫಿ ತಂದಿಟ್ಟರು. ಬೆಲ್ಲ ಹಾಕಿದ್ದರು. ಸೊರ್ ಎಂದು ಎಳೆದೆ, ದೊಡ್ಡಮ್ಮನ ಎದುರಿಗೇ. ಅವರು ಬೈಯಲಿಲ್ಲ. ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದೆ.